ಅಕ್ಕನಿಗೆಂದು ಹೂತಿಟ್ಟ ಅಣಬೆ

ಅಣಬೆ ಏಳುವ ಜಾಗವನ್ನು ಇರಾಕಿನ ಸಮಾವಾ ಊರಿನ ಜನ ಯಾರಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಚಾಸಿಬನ ಅಪ್ಪನೂ ಸಾಯುವ ಮುಂಚೆ ಮಗನ ಕಿವಿಯಲ್ಲಿ ಮಾತ್ರ ಉಸುರಿ ಹೋಗಿದ್ದ. ಮಂಚದ ಇನ್ನೊಂದು ಪಕ್ಕದಲ್ಲಿ ಅಕ್ಕ ಫಖ್ರಿಯಾ ಕೂತಿದ್ದಳು. ಅಪ್ಪ ಏನಂದ ಎಂದು ಕೇಳಿದಳು. ಚಾಸಿಬ್ ಸುಮ್ಮನಿದ್ದ. ಅದಾದ ಮೇಲೆ ಆರು ವರ್ಷ ಆಕೆ ಬಸ್ರಾದಿಂದ ಇತ್ತ ತಲೆ ಹಾಕಲಿಲ್ಲ.

ಈ ವರ್ಷ ಗುಡುಗು ಸಿಡಿಲು ಚೆನ್ನಾಗಿ ಆಗಿ ಮರುಭೂಮಿಯ ತುಂಬ, ಆಲೂಗಡ್ಡೆಯಂತೆ ನೆಲದೊಳಗೆ ಬಲಿಯುವ ಚಿಮಾ ಅಣಬೆ ಎದ್ದಿತು. ಅಪ್ಪನ ಜಾಗದಿಂದ ಮೂರು ಕಿಲೋ ಅಗೆದು ತಂದ ಚಾಸಿಬ್, ಧೈರ್ಯ ಮಾಡಿ ಅಕ್ಕನಿಗೆ ಫೋನ್ ಹಚ್ಚಿದ.

"ಅಕ್ಕಾ, ಅಪ್ಪನ ಜಾಗದ್ದು. ಶುಕ್ರವಾರ ಊಟಕ್ಕೆ ಬಾ."

ಆ ಕಡೆ ಬಸ್ರಾದಲ್ಲಿ ಯಾರದೋ ಕೋಳಿ ಕೂಗಿದ್ದು ಕೇಳಿಸಿತು.

"ತಾಜಾ ಇರಬೇಕು," ಎಂದಳು ಫಖ್ರಿಯಾ ಕೊನೆಗೆ. "ಫ್ರಿಜ್ಜಿನ ವಾಸನೆ ಬಂತೋ, ತಟ್ಟೆ ಬಿಟ್ಟು ಏಳ್ತೀನಿ."

ಅವತ್ತು ಭಾನುವಾರ. ಇನ್ನು ಐದು ದಿನ ಅಣಬೆ ಕೆಡಬಾರದು, ಕೆಟ್ಟರೆ ಅಕ್ಕನೂ ಇಲ್ಲ.

ಹೆಂಡತಿ ತಿಸ್ವಾಹಿನ್ ಆಗಲೇ ಬೋಗುಣಿಗೆ ನೀರು ತುಂಬಿಸಿದ್ದಳು. ಚಾಸಿಬ್ ಓಡಿ ಬಂದು ಬೋಗುಣಿಯನ್ನೇ ಎತ್ತಿಕೊಂಡ.

"ನೀರು ಸೋಕಿದರೆ ನಾಳೆಗೇ ಕೊಳೆಯುತ್ತೆ ಕಣೇ. ಮೈಗೆ ಹತ್ತಿದ ಮಣ್ಣೇ ಅದಕ್ಕೆ ರಕ್ಷೆ."

"ಹಾಗಾದರೆ ಉಪ್ಪು ನೀರಲ್ಲಿ ಕುದಿಸಿ ಫ್ರೀಜರಿಗೆ ಹಾಕ್ತೀನಿ."

"ಕರೆಂಟು ದಿನಕ್ಕೆ ಎಂಟು ಸಲ ಹೋಗುತ್ತೆ."

"ಹೆಚ್ಚಿ ದಾರಕ್ಕೆ ಪೋಣಿಸಿ ಒಣಗಿಸಲಾ?"

"ಅಕ್ಕನ ಕೊರಳಿಗೆ ಹಾರ ಹಾಕೋಕಾ?"

"ಹಾಗಾದರೆ ಮಡಿಲಲ್ಲಿಟ್ಟುಕೊಂಡು ಕಾವಿಗೆ ಕೂರು, ಮಾರಾಯ. ಮರಿ ಆದರೂ ಆದೀತು."

ಚಾಸಿಬನಿಗೆ ಒಂದು ಉಪಾಯ ಗೊತ್ತಿತ್ತು. ಒಣ ಮರಳಲ್ಲಿ, ನೆರಳಲ್ಲಿ, ಒಂದಕ್ಕೊಂದು ತಾಗದ ಹಾಗೆ ಹೂತಿಟ್ಟರೆ ಅಣಬೆ ವಾರ ತಡೆಯುತ್ತದೆ. ಮನೆಯೊಳಗೆ ಹೂತರೆ ಹೆಂಡತಿಗೆ ತಿಳಿಯುತ್ತದೆ, ಹೆಂಡತಿಗೆ ತಿಳಿದರೆ ಅವಳ ತಂಗಿಯರಿಗೆ, ಆಮೇಲೆ ಒಂದೂ ಉಳಿಯುವುದಿಲ್ಲ. ಪಕ್ಕದ ಮನೆಯ ಅಬೂ ನಾಜಿಯ ಗೋಡೆಯ ನೆರಳಿನಲ್ಲಿ ತಗಡು ಮುಚ್ಚಿದ ಮರಳಿನ ಗುಡ್ಡೆಯೊಂದಿತ್ತು. ಮಹಡಿ ಕಟ್ಟುತ್ತೇನೆಂದು ಅವನು ತರಿಸಿದ್ದು. ಮೂರು ವರ್ಷದಿಂದ ಹಾಗೇ ಬಿದ್ದಿತ್ತು. ಅಷ್ಟು ಭದ್ರವಾದ ಜಾಗ ಇರಾಕಿನಲ್ಲೇ ಇನ್ನೊಂದಿಲ್ಲ ಅನ್ನಿಸಿತು ಚಾಸಿಬನಿಗೆ. ಯಾರೂ ನೋಡದಾಗ ಅಲ್ಲಿ ಹೂತು ಬಂದ. ಯಾರಿಗೂ ಹೇಳಲಿಲ್ಲ, ಅಬೂ ನಾಜಿಗೂ.

ಬುಧವಾರ ಮಧ್ಯಾಹ್ನ ಕೆಲಸ ಮುಗಿಸಿ ಬಂದರೆ ಗುಡ್ಡೆಯೇ ಇಲ್ಲ. ಎರಡು ಮನೆಗಳ ನಡುವಿನ ಕೆಸರಿನ ಮೇಲೆ ಹೊಸ ಕಾಂಕ್ರೀಟ್ ದಾರಿ ಹಸಿಹಸಿಯಾಗಿ ಹೊಳೆಯುತ್ತಿತ್ತು. ಸಲಿಕೆ ಹಿಡಿದ ಅಬೂ ನಾಜಿಯ ಮುಖವೂ ಹೊಳೆಯುತ್ತಿತ್ತು.

"ನಿಮ್ಮಕ್ಕ ಬರ್ತಾರಂತಲ್ಲ ಅಣ್ಣಾ. ಆರು ವರ್ಷದ ಮೇಲೆ ಬರೋರು ಕೆಸರು ತುಳಿದು ಬರೋದೇ? ಮರಳು ಹೇಗೂ ಇತ್ತು. ಹಾಳು ಮರಳು, ಬರೀ ಹೆಂಟೆ. ಅಷ್ಟು ಜಲ್ಲಿ ಉಳಿಯುತ್ತೆ ಅಂತ ಆ ಹೆಂಟೆಗಳನ್ನೂ ಸೇರಿಸಿ ಕಲಸಿಬಿಟ್ಟೆ."

ಚಾಸಿಬ್ ದಾರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಅತಿಥಿಯ ಗೌರವಕ್ಕೆಂದು ಮಾಡಿದವನಿಗೆ ಬೈಯುವುದು ಹೇಗೆ?

"ಕೈ ನೋಯಿಸಿಕೊಂಡಿರಲ್ಲ, ಅಬೂ ನಾಜಿ," ಎಂದ.

ವಿಷಯ ಕೇಳಿದ ತಿಸ್ವಾಹಿನ್ ನಗು ತಡೆಯಲು ತಲೆವಸ್ತ್ರದ ತುದಿ ಬಾಯಿಗೊತ್ತಿಕೊಂಡು ಒಳಗೆ ಹೋದವಳು ಅರ್ಧ ಗಂಟೆ ಹೊರಗೆ ಬರಲಿಲ್ಲ. ಆಮೇಲೆ, "ಸಂತೆಯಲ್ಲಿ ಕೊಂಡು ತಾ," ಎಂದಳು.

"ಅಕ್ಕನಿಗೆ ಮೂಗಿದೆ," ಎಂದ ಚಾಸಿಬ್.

ಶುಕ್ರವಾರ ಫಖ್ರಿಯಾ ಬಂದಳು. ದಾರಿ ಚೆನ್ನಾಗಿದೆ ಎಂದಳು. ಅನ್ನ, ಕುರಿಮಾಂಸ, ಬೆಂಡೆಕಾಯಿ ಸಾರು ನೋಡಿದಳು. ಚಮಚದಿಂದ ಅನ್ನದ ರಾಶಿಯನ್ನು ಆ ಕಡೆಯಿಂದ ಈ ಕಡೆಗೆ ಒಮ್ಮೆ ತಿರುವಿದಳು. ಆಮೇಲೆ ಚಮಚ ಕೆಳಗಿಟ್ಟಳು.

"ಮತ್ತೆ ಬಚ್ಚಿಟ್ಟೆಯಾ?"

"ಬಚ್ಚಿಟ್ಟಿದ್ದೆ," ಎಂದ ಚಾಸಿಬ್. "ನೀನು ಅದನ್ನ ತುಳಿದುಕೊಂಡೇ ಬಂದೆ ಅಕ್ಕಾ."

ಫಖ್ರಿಯಾ ಎದ್ದಳು, ಚಪ್ಪಲಿ ಮೆಟ್ಟಿದಳು. ಹೊರಟೇಹೋದಳೆಂದು ಚಾಸಿಬ್ ಹಿಂದೆಯೇ ಓಡಿದ. ಆದರೆ ಆಕೆ ದಾರಿಯ ನಡುವೆ ನಿಂತು, ನಿಲುವಂಗಿ ಎತ್ತಿ ಕಟ್ಟಿ, ಅಲ್ಲೇ ಕೂತು ಮನೆಯ ಬೀಗದ ಕೈಯಿಂದ ಕೆರೆಯತೊಡಗಿದಳು. ಅಬೂ ನಾಜಿ ಸಿಮೆಂಟು ಹಾಕುವಾಗ ಕೈ ಬಿಗಿ ಹಿಡಿದಿದ್ದರಿಂದ ಕಾಂಕ್ರೀಟು ಪುಡಿಪುಡಿಯಾಗಿ ಎದ್ದಿತು. ಸ್ವಲ್ಪ ಹೊತ್ತಿಗೆ ಅರ್ಧ ಅಣಬೆ, ಅರ್ಧ ಜಲ್ಲಿ ಕೈಗೆ ಬಂತು. ಮೂಗಿಗೆ ಹಿಡಿದಳು. ಕಣ್ಣು ಮುಚ್ಚಿ ಹಾಗೇ ಕೂತಳು. ಚಾಸಿಬ್ ಪಕ್ಕದಲ್ಲಿ ಕೂತ. 

"ಅಪ್ಪನದೇ," ಎಂದಳು ಫಖ್ರಿಯಾ. "ಕತ್ತೆ ನೀನು."

"ಹೌದು. ಅಕ್ಕಾ, ಆ ಜಾಗ ಇದೆಯಲ್ಲ, ಸಲ್ಮಾನ್ ಕೋಟೆ ದಾಟಿದ ಮೇಲೆ ಎಡಕ್ಕೆ ಮುರಿದ ನೀರಿನ ಟ್ಯಾಂಕು ಸಿಗುತ್ತೆ. ಅಲ್ಲಿಂದ..."

ಅಷ್ಟರಲ್ಲಿ ಅಬೂ ನಾಜಿ ಚಹಾದ ತಟ್ಟೆ ಹಿಡಿದು ತನ್ನ ಮನೆಯ ಬಾಗಿಲಿಗೆ ಬಂದ. ತನ್ನ ದಾರಿಯ ಗತಿ ನೋಡಿ ಬಾಯಿ ತೆರೆದು ನಿಂತ.

ಫಖ್ರಿಯಾಳ ಸಿಮೆಂಟು ಮೆತ್ತಿದ ಅಂಗೈ ಚಾಸಿಬನ ಬಾಯಿಯನ್ನು ಗಬಕ್ಕನೆ ಮುಚ್ಚಿತು.

"ಮೆಲ್ಲಗೆ ಹೇಳೋ," ಎಂದು ಪಿಸುಗುಟ್ಟಿ, ತಲೆಯನ್ನು ತಮ್ಮನ ತುಟಿಗೆ ಹತ್ತಿರ ತಂದಳು. "ಅವನಿಗೆ ಕೇಳಿಸುತ್ತೆ."