ಗೋನ್ರೋಕು ಕದ್ದ ಮುದ್ರೆ

ಸಹಿಯ ಬದಲು ಒತ್ತುವ ತನ್ನ ಹೆಸರಿನ ಮುದ್ರೆಯನ್ನು ಸಾಕಿದ ಅಳಿಲು ಹೊತ್ತುಕೊಂಡು ಹೋಯಿತೆಂದು ನುನೋಮೆ ಟೋಕುಜಿ ಮನೆಯಲ್ಲಿ ಹೇಳಿ ಹತ್ತು ದಿನವಾಗಿತ್ತು. ಆ ಹತ್ತೂ ದಿನ ಮುದ್ರೆ ಅವನ ಉಣ್ಣೆಯ ಹೊಟ್ಟೆಪಟ್ಟಿಯೊಳಗೆ ಬೆಚ್ಚಗೆ ಕೂತಿತ್ತು. ಬಗ್ಗಿದಾಗಲೆಲ್ಲ ಪಕ್ಕೆಗೆ ಚುಚ್ಚುತ್ತಿತ್ತು. ಸುಳ್ಳು ಹೇಳಿದವನಿಗೆ ಅಷ್ಟಾದರೂ ಆಗಬೇಡವೇ.

ಮಗಳು ಚಿಹಾರುವಿನ ಮದುವೆ ನೋಂದಣಿಯ ಅರ್ಜಿ ಮೇಜಿನ ಮೇಲಿತ್ತು. ಸಾಕ್ಷಿಗಳ ಎರಡು ಜಾಗಗಳಲ್ಲಿ ಒಂದರಲ್ಲಿ ಹುಡುಗನ ಅಪ್ಪನ ಕೆಂಪು ಮುದ್ರೆ ಬಿದ್ದಾಗಿತ್ತು. ಇನ್ನೊಂದರಲ್ಲಿ ತನ್ನ ಅಪ್ಪನದೇ ಬೀಳಬೇಕು, ಅದೂ ನವೆಂಬರ್ ಇಪ್ಪತ್ತೆರಡರೊಳಗೆ ಎಂದು ಚಿಹಾರು ಪಟ್ಟು ಹಿಡಿದಿದ್ದಳು. ಆ ದಿನ ಅರ್ಜಿ ಕೊಟ್ಟ ಜೋಡಿ ಚೆನ್ನಾಗಿ ಬಾಳುತ್ತದೆಂದು ದೇಶದ ಅರ್ಧ ಹುಡುಗಿಯರು ನಂಬುತ್ತಾರೆ.

"ಅಂಗಡೀಲಿ ರೆಡಿಮೇಡ್ ಮುದ್ರೆ ಸಿಗುತ್ತಲ್ಲ, ಒಂದು ತಗೊಂಬಾ," ಎಂದಳು ಹೆಂಡತಿ ಸಾಚಿಯೆ.

"ತನಾಕಾ, ಸುಜುಕಿ ಅಂತ ಊರಿಗೆಲ್ಲ ಇರೋ ಹೆಸರಾಗಿದ್ರೆ ಸಿಗ್ತಿತ್ತು. ನುನೋಮೆ ಅನ್ನೋದನ್ನ ಆ ತಿರುಗೋ ಸ್ಟ್ಯಾಂಡಲ್ಲಿ ಯಾವತ್ತಾದ್ರೂ ನೋಡಿದೀಯಾ? ಕೆತ್ತಿಸಬೇಕು. ಎರಡು ವಾರ ಬೇಕಂತೆ."

"ಹಂಗಾದ್ರೆ ಗೂಡಿಗೆ ಕೈ ಹಾಕಿ ತೆಗಿ."

"ಈಗಲಾ? ಅದು ಹುಲಿಯಾಗಿದೆ ಕಣೇ."

ಈ ಮಾತು ಮಾತ್ರ ಸುಳ್ಳಲ್ಲ. ಗೋನ್ರೋಕು ಕೊರಿಯಾ ಕಡೆಯ ಕಾಡಿನ ತಳಿಯ, ಬೆನ್ನಿಗೆ ಐದು ಪಟ್ಟೆಯಿರುವ ಅಳಿಲು. ವಸಂತದಲ್ಲಿ ಅಂಗೈಯಲ್ಲೇ ನಿದ್ದೆ ಹೋಗುವ ಈ ಜಾತಿ, ಚಳಿಗಾಲಕ್ಕೆ ಕಾಳು ಕೂಡಿಡುವ ಹೊತ್ತಿಗೆ ಅನ್ನ ಹಾಕಿದವರನ್ನೇ ಕಚ್ಚುತ್ತದೆ. ಸಾಕುವವರು ಅದಕ್ಕೆ 'ಹುಲಿಯಾಯಿತು' ಎನ್ನುತ್ತಾರೆ. ಮಾರ್ಚ್ ತನಕ ಗೂಡಿನ ತಂಟೆಗೆ ಯಾರೂ ಹೋಗುವುದಿಲ್ಲ. ಟೋಕುಜಿಯ ಲೆಕ್ಕಾಚಾರವೂ ಅದೇ ಆಗಿತ್ತು.

ಅಳಿಲು ಚಿಹಾರುವಿನದು. ಮೂರು ವರ್ಷದ ಹಿಂದೆ ಆಸೆಪಟ್ಟು ತಂದವಳು ಅವಳು; ಅವಳು ಆಸ್ಪತ್ರೆಯ ಕೆಲಸದ ಪಾಳಿಗೆ ಹೋದಾಗಲೆಲ್ಲ ಅದನ್ನು ಸಾಕಿದವನು ಟೋಕುಜಿ. ದೋಣಿಗಳ ಎಂಜಿನ್ ರಿಪೇರಿ ಮಾಡಿ ನಿವೃತ್ತನಾದ ಈ ಮನುಷ್ಯ, ಮಂದಿಯೆದುರು ಅದನ್ನು ಇಲಿ ಎಂದೇ ಕರೆಯುತ್ತಿದ್ದ. ಮನೆಯಲ್ಲಿ ಯಾರೂ ಇಲ್ಲದಾಗ ಅಕ್ರೋಟಿಗೆ ಇಕ್ಕಳದಿಂದ ಬಿರುಕು ಬಿಡಿಸಿ ಕೊಟ್ಟು, ಬಂದರಿನ ಸುದ್ದಿಯನ್ನೆಲ್ಲ ಅದರ ಮುಂದೆ ಒಪ್ಪಿಸುತ್ತಿದ್ದ. ಅದೂ ಋಣ ಇಟ್ಟುಕೊಳ್ಳುವ ಪ್ರಾಣಿಯಲ್ಲ. ಅವನು ಮಲಗಿದ್ದಾಗ ಕಿವಿಯೊಳಗೆ ಸೂರ್ಯಕಾಂತಿ ಬೀಜ ತುರುಕಿ ಹೋಗುತ್ತಿತ್ತು. ಈಗ ಚಿಹಾರು ಮದುವೆಯಾದೊಡನೆ ಗಂಡನ ಜೊತೆ ದೂರದ ಕಗೋಶಿಮಾಕ್ಕೆ ಹೊರಡುವವಳಿದ್ದಳು, ಪಂಜರ ಸಮೇತ. ಮಗಳು ಹೋಗುವುದು ಟೋಕುಜಿಗೆ ಒಪ್ಪಿಗೆಯೇ. ಗೋನ್ರೋಕು ಹೋಗುವುದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಮೂರು ವರ್ಷ ಇಲಿ ಇಲಿ ಎಂದು ಬೈದ ಬಾಯಲ್ಲಿ, ಬಿಟ್ಟು ಹೋಗು ಎಂದು ಹೇಗೆ ಕೇಳುವುದು?

ಊರಿನವರು ಬೇರೆಯೇ ಕಥೆ ಕಟ್ಟಿದರು. "ಮಗಳನ್ನ ಕಳಿಸೋಕೆ ಆಗ್ತಿಲ್ಲ ಪಾಪ, ಎಂಥಾ ಅಪ್ಪ," ಎಂದು ಮೀನಂಗಡಿಯವನು ಅವನಿಗೆ ಎರಡು ಬಂಗುಡೆ ಹೆಚ್ಚಿಗೆ ಹಾಕಿದ. ಸಾಚಿಯೆ ಸಂಜೆಯಾದರೆ ಕಣ್ಣೊರೆಸಲು ಏಪ್ರನ್ನಿನ ತುದಿ ಹುಡುಕುತ್ತಿದ್ದಳು. ಟೋಕುಜಿ ನಾಚಿಕೆಯಿಂದ ಕುಗ್ಗಿ ಹೋದ, ಆದರೆ ಬಂಗುಡೆ ತಿಂದ.

ಇಪ್ಪತ್ತೊಂದರ ಮಧ್ಯಾಹ್ನ ಹುಡುಗ ಬಂದ. ಅರಿಮುರಾ ಎಂಬ ಮೆತ್ತನೆಯ ಮನುಷ್ಯ. ಕಥೆ ಕೇಳಿ, ಅಡುಗೆಮನೆಯ ರಬ್ಬರ್ ಗ್ಲೌಸ್ ಹಾಕಿಕೊಂಡು ಪಂಜರದ ಮುಂದೆ ಮಂಡಿಯೂರಿದ.

"ಬೇಡ ಮಾರಾಯ, ರಬ್ಬರು ಅದಕ್ಕೆ ಯಾವ ಲೆಕ್ಕ?" ಎಂದ ಟೋಕುಜಿ.

"ಪರವಾಗಿಲ್ಲ ಮಾವ, ನಾನು ನೋಡ್ತೀನಿ."

ಗೋನ್ರೋಕು ಮೊದಲು ಹೆಬ್ಬೆರಳಿಗೆ ಬಾಯಿ ಹಾಕಿತು, ಆಮೇಲೆ ಉಳಿದವಕ್ಕೆ. ಅರಿಮುರಾ ತುಟಿ ಕಚ್ಚಿಕೊಂಡು ಗೂಡನ್ನೆಲ್ಲ ಬರಿದು ಮಾಡಿದ. ಎರಡು ಬೊಗಸೆ ಬೀಜ, ಸಾಚಿಯೆಯ ಒಂದು ಗುಂಡಿ, ಅರ್ಧ ಒಣ ಮೀನು ಹೊರಬಂದವು. ಮುದ್ರೆ ಇರಲಿಲ್ಲ. ಚಾಪೆಯ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು. ಮೂವರೂ ಟೋಕುಜಿಯ ಕಡೆ ತಿರುಗಿದರು.

ಚಿಹಾರುವಿನ ಕಣ್ಣು ತುಂಬಿತು. "ಅಪ್ಪ, ನನ್ನ ಕಳಿಸೋಕೆ ಅಷ್ಟು ಸಂಕಟನಾ? ಬಾಯಿಬಿಟ್ಟು ಹೇಳಬಾರದಾ? ಅರಿಮುರಾ, ಇನ್ನೊಂದೆರಡು ವರ್ಷ ತಡೆಯೋಣ. ನಾನು ಇಲ್ಲೇ ಇರ್ತೀನಿ."

ಬಟ್ಟೆ ಸುತ್ತಿಕೊಂಡ ಕೈ ಹಿಡಿದು ಅರಿಮುರಾ ಆಗಲಿ ಎಂದು ತಲೆಯಾಡಿಸಿದ. ಟೋಕುಜಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. ಹೊಟ್ಟೆಪಟ್ಟಿಯಿಂದ ಮುದ್ರೆ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ಹೆಣ್ಣು ಕೇಳಲು ಬಂದ ಹುಡುಗರ ಹಾಗೆ ಮಗಳ ಮುಂದೆ ಮಂಡಿ ಮಡಿಸಿ ಕೂತು, ಎರಡೂ ಅಂಗೈ ಊರಿ, ಹಣೆಯನ್ನು ಚಾಪೆಗೆ ಮುಟ್ಟಿಸಿದ.

"ನೀನು ಹೋಗು, ಖುಷಿಯಾಗಿರು. ಗೋನ್ರೋಕುನ ನಂಗೆ ಕೊಡು. ಅವನಿಗೆ ಏನೂ ಕಮ್ಮಿಯಾಗದ ಹಂಗೆ ನೋಡ್ಕೋತೀನಿ."

ಪಂಜರದೊಳಗೆ ಗೋನ್ರೋಕು ಹಲ್ಲು ಕಟಕಟಿಸಿತು.

"ಹತ್ತು ದಿನದಿಂದ ಅಳ್ತಿದೀನಲ್ಲ ನಾನು," ಎಂದಳು ಸಾಚಿಯೆ, "ಆ ಇಲಿಗಾ?"

"ಕೊಟ್ಬಿಡು ಚಿಹಾರು," ಎಂದ ಅರಿಮುರಾ ಮೆಲ್ಲಗೆ. "ಕೈ ಮುಗೀತೀನಿ."

ಚಿಹಾರುವಿನ ಮುಖ ಕೆಂಪಾಗಿತ್ತು. "ನಂಗೋಸ್ಕರ ಒಂದು ತೊಟ್ಟು ಕಣ್ಣೀರಾದ್ರೂ ಇದೆಯಾ ನಿನ್ನ ಹತ್ರ?"

ಟೋಕುಜಿ ಹಣೆಯೆತ್ತದೆಯೇ ಹೇಳಿದ: "ನೀನು ಫೋನ್ ಮಾಡ್ತೀಯ. ಅವನು ಮಾಡ್ತಾನಾ?"

ಚಿಹಾರು ಸಿಟ್ಟಾಗಿಯೇ ಇರಲು ನೋಡಿದಳು, ಆಗಲಿಲ್ಲ. ನಗುತ್ತಲೇ ಅರ್ಜಿಯನ್ನು ಅವನ ಮುಂದೆ ತಳ್ಳಿದಳು. "ಇಟ್ಕೋ ನಿನ್ನ ಮಗನ್ನ. ಒತ್ತು ಮೊದ್ಲು."

ಅವನು ಮುದ್ರೆಯನ್ನು ಕೆಂಪು ಶಾಯಿಗೆ ಅದ್ದಿ ಒತ್ತಿದ. ನುನೋಮೆ ಎಂಬ ಹೆಸರು ಒದ್ದೆಯಾಗಿ ಎದ್ದು ಬಂತು. ಮೇಲಿನ ಸಾಲಿನಲ್ಲಿ ಮಗಳು ಇನ್ನು ಮುಂದೆ ಹೊರುವ ಹೆಸರು ಬರೆದಿತ್ತು: ಅರಿಮುರಾ. ಹತ್ತು ದಿನ ಅಳಿಲಿನ ಚಿಂತೆಯಲ್ಲೇ ಮುಳುಗಿದ್ದವನಿಗೆ ಮಗಳೂ ಹೋಗುತ್ತಿದ್ದಾಳೆಂಬುದು ಈಗ ತಲೆಗೆ ಹೋಯಿತು.

ಚಿಹಾರು ಕಾಗದಕ್ಕೆ ಕೈಚಾಚಿದಳು. ಅದು ಬರಲಿಲ್ಲ. ಅವಳು ಮೆಲ್ಲಗೆ ಎಳೆದಳು. ಟೋಕುಜಿಯ ಬೆರಳುಗಳು ಇನ್ನೊಂದು ಅಂಚನ್ನು ಹಿಡಿದೇ ಇದ್ದವು.

"ಅಪ್ಪ, ಬಿಡು," ಎಂದಳು ಅವಳು. "ಹರಿಯುತ್ತೆ."