ನಾಲ್ಕು ಕಿಲೋ

ಅಕ್ಕನಿಗೆ ಕಿಡ್ನಿ ಕೊಡಲು ತಂಗಿಯದು ಎಲ್ಲವೂ ಹೊಂದುತ್ತಿತ್ತು, ತೂಕ ಒಂದನ್ನು ಬಿಟ್ಟು. ನಲವತ್ತೆರಡು ಕಿಲೋ ತೂಗುವ ಹುಡುಗಿಯ ಮೈಗೆ ಕತ್ತರಿ ಹಾಕಲು ಡಾಕ್ಟರು ಒಪ್ಪಲಿಲ್ಲ. ಎರಡು ತಿಂಗಳಲ್ಲಿ ಇನ್ನು ನಾಲ್ಕು ಕಿಲೋ ಮೈಗೂಡಿಸಿಕೊಂಡು ಬನ್ನಿ, ಬರೀ ಕೊಬ್ಬು ಬೇಡ, ಕಸುವೂ ಬರಲಿ, ಆಮೇಲೆ ದಿನ ಗೊತ್ತುಮಾಡೋಣ ಎಂದರು.

ಅಮ್ಮ ತಲೆಯಾಡಿಸಿದಳು. ತಂಗಿಯ ಪರವಾಗಿ ತಲೆಯಾಡಿಸುವುದು, ಉತ್ತರ ಕೊಡುವುದು ಅಮ್ಮನಿಗೆ ಮೊದಲಿನಿಂದಲೂ ರೂಢಿ. ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬಂಥ ಹುಡುಗಿ ಇವಳು. ಪದವಿ ಮುಗಿಸಿ ವಿಮಾ ಕಚೇರಿಯ ಕಡತಗಳ ಕೋಣೆಯಲ್ಲಿ ಕೆಲಸಕ್ಕಿದ್ದಳು. ಕಪಾಟುಗಳು ಮಾತನಾಡಿಸುವುದಿಲ್ಲವೆಂಬುದೇ ಅವಳಿಗೊಂದು ಸಮಾಧಾನ. ಅಕ್ಕ ಇದಕ್ಕೆ ತದ್ವಿರುದ್ಧ. ಶಾಲಾಮಕ್ಕಳ ಸಮವಸ್ತ್ರ ಹೊಲಿಯುವವಳು. ವಾರಕ್ಕೆ ಮೂರು ದಿನ ಡಯಾಲಿಸಿಸ್ಸಿಗೆ ಹೋಗಿ ಬಂದು, ಉಳಿದ ದಿನ ಮಿಷನ್ ತುಳಿಯುತ್ತ ಕೇರಿಯ ಸುದ್ದಿಯನ್ನೆಲ್ಲ ಬಿಚ್ಚುತ್ತಿದ್ದಳು. ತಂಗಿ ಜಿಮ್ ಸೇರಿದಳೆಂದು ತಿಳಿದಾಗ ಹೊಲಿಗೆ ನಿಲ್ಲಿಸಿ ನಕ್ಕಳು.

“ನೋಡಮ್ಮ, ನನ್ನ ಕಿಡ್ನಿಗೆ ಕಸರತ್ತು ಕಲಿಸ್ತಿದ್ದಾಳೆ. ನಾಳೆ ನನ್ನ ಹೊಟ್ಟೆ ಒಳಗೆ ಬಂದು ಅದು ಬಸ್ಕಿ ಹೊಡೆದ್ರೆ ಏನ್ ಗತಿ?”

ಜಿಮ್ ಇದ್ದದ್ದು ಟೈರ್ ಅಂಗಡಿಯ ಮಹಡಿಯ ಮೇಲೆ. ಅಲ್ಲಿ ಕಲಿಸುವಾತನಿಗೆ ಕುತ್ತಿಗೆ ಎಲ್ಲಿ ಮುಗಿದು ಹೆಗಲು ಎಲ್ಲಿ ಶುರುವಾಗುತ್ತದೆಂದು ಹೇಳುವುದು ಕಷ್ಟ. ಎಲ್ಲರೂ ಗೂಳಿಯಣ್ಣ ಎನ್ನುತ್ತಿದ್ದರು. ದನಿ ಮಾತ್ರ ಕರುವಿನದು. ಹೊಸಬರು ಮೂರು ತಿಂಗಳು ಮೈ ಬೆಳೆಸುವ ಯಾವ ಪುಡಿಯ ತಂಟೆಗೂ ಹೋಗಬಾರದು, ಮೊಟ್ಟೆ, ಹಾಲು, ಬೇಳೆ, ನಿದ್ದೆ ಇಷ್ಟೇ ಸಾಕು ಎಂಬುದು ಅವನ ಕಟ್ಟಪ್ಪಣೆ. ತನಗಿರುವುದು ಎರಡೇ ತಿಂಗಳೆಂದು ಅವನಿಗೆ ಹೇಳಲು ಅವಳಿಗೆ ನಾಲಿಗೆ ಹೊರಳಲಿಲ್ಲ. ಐದು ವಾರ ಕಳೆದರೂ ತೂಕ ಏರಿದ್ದು ಒಂದೂವರೆ ಕಿಲೋ.

ಏರಿದ್ದು ಇನ್ನೊಂದಿತ್ತು. ಒಂದು ಸಂಜೆ ಅವಳು ತನ್ನದೇ ತೂಕದ ಕಬ್ಬಿಣವನ್ನು ನೆಲದಿಂದ ಎತ್ತಿ ನಿಂತಾಗ ಪಕ್ಕದ ಇಬ್ಬರು ತಿರುಗಿ ನೋಡಿದರು. ನೋಡಿದರೂ ಅವಳಿಗೆ ಮುದುಡಿಕೊಳ್ಳಬೇಕೆನಿಸಲಿಲ್ಲ. ಮನೆಯಲ್ಲೊಬ್ಬಳು ದಿನದಿನಕ್ಕೆ ಬತ್ತುತ್ತಿರುವಾಗ ತನಗೆ ಇಷ್ಟು ಹಿಗ್ಗೇ ಎಂದು ದಾರಿಯುದ್ದಕ್ಕೂ ಕಳ್ಳಿಯಂತೆ ತಲೆ ತಗ್ಗಿಸಿ ನಡೆದಳು.

ಪುಡಿಗಳ ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೆ ಡಬ್ಬಗಳು. ದಪ್ಪ ಆಗಬೇಕೋ, ಬಲ ಬರಬೇಕೋ ಎಂದು ಅಂಗಡಿಯವನು ಕೇಳಿದ. ಎರಡೂ ಎಂದಳು. ಅವನು ಪ್ರೋಟೀನಿನ ದೊಡ್ಡ ಡಬ್ಬ ಇಳಿಸಿ, ಪಕ್ಕದಲ್ಲೊಂದು ಬಿಳಿ ಕುಪ್ಪಿ ಇಟ್ಟ. ಅದು ಕ್ರಿಯಾಟಿನ್, ಸ್ನಾಯುಗಳಿಗೆ ಕಸುವು ಕೊಡುವ ಪುಡಿ.

“ದೊಡ್ಡದು ನಿಧಾನ, ಮೇಡಂ. ಇದು ನೋಡಿ, ವಾರದಲ್ಲೇ ತಕ್ಕಡಿ ಮೇಲೆ ಕಾಣ್ಸುತ್ತೆ.”

ಕುಪ್ಪಿಯನ್ನೇ ಕೊಂಡಳು. ಕಡತ ಓದಿ ಅಭ್ಯಾಸವಾದ ಕಣ್ಣು, ಹಿಂಬದಿಯ ಸಣ್ಣ ಅಕ್ಷರಗಳನ್ನೆಲ್ಲ ಓದಿತು. ಕಿಡ್ನಿಯ ತೊಂದರೆ ಇರುವವರು ಬಳಸಬಾರದು ಎಂದಿತ್ತು. ಅಕ್ಕ ತಪ್ಪಿ ಬಾಯಿಗೆ ಹಾಕಿಕೊಂಡರೆ ಎಂದು ಹೆದರಿ, ಕುಪ್ಪಿಯನ್ನು ತನ್ನ ಬಟ್ಟೆಗಳ ಹಿಂದೆ ಅಡಗಿಸಿಟ್ಟಳು. ತನ್ನ ವಿಚಾರ ತಲೆಗೆ ಬರಲೇ ಇಲ್ಲ. ಆ ಮನೆಯಲ್ಲಿ ಕಿಡ್ನಿ ಎಂದರೆ ಅಕ್ಕನದು. ತನ್ನದೂ ಅಕ್ಕನದೇ, ಇನ್ನೂ ಕೊಟ್ಟಿಲ್ಲ ಅಷ್ಟೆ. ದಿನಕ್ಕೊಂದು ಚಮಚ ಎಂದು ಬರೆದಿದ್ದಲ್ಲಿ ಮೂರು ಚಮಚ ನೀರಿಗೆ ಕಲಸಿ ಕುಡಿದಳು. ಅಂಗಡಿಯವನ ಮಾತು ಸುಳ್ಳಾಗಲಿಲ್ಲ.

ಗಡುವಿನ ದಿನ ತೂಕದ ಮುಳ್ಳು ನಲವತ್ತಾರು ದಾಟಿತು. ರಕ್ತ ತೆಗೆಯುವ ಮೊದಲು ನರ್ಸ್, ಔಷಧಿ ಗೀಷಧಿ ಏನಾದರೂ ನಡೆಯುತ್ತಿದೆಯೇ ಎಂದು ಕೇಳಿದಳು. ತಲೆನೋವಿಗೂ ಮಾತ್ರೆ ನುಂಗುವವಳಲ್ಲ ನಮ್ಮ ಹುಡುಗಿ ಎಂದು ಅಮ್ಮ ಹೆಮ್ಮೆಯಿಂದ ಹೇಳಿದಳು. ಪುಡಿ ಔಷಧಿಯೇ ಅಲ್ಲವಲ್ಲ ಎಂದು ತಂಗಿ ಸುಮ್ಮನಿದ್ದಳು.

ಕಿಡ್ನಿ ಸೋಸದೆ ರಕ್ತದಲ್ಲಿ ಉಳಿಯುವ ಕಸದ ಲೆಕ್ಕಕ್ಕೆ ಅವರ ಮನೆಯಲ್ಲಿ ‘ನಂಬರು’ ಎಂದೇ ಹೆಸರು. ಊಟ ಆಯಿತೇ ಎನ್ನುವ ಹಾಗೆ ಅಕ್ಕನನ್ನು ಇವತ್ತು ನಂಬರೆಷ್ಟು ಎಂದು ಕೇಳುತ್ತಿದ್ದರು. ಯಾವಾಗಲೂ ಸೊನ್ನೆ ಪಾಯಿಂಟ್ ಏಳು ಇರುತ್ತಿದ್ದ ತಂಗಿಯ ನಂಬರು ಈ ಸಲ ಒಂದೂವರೆ. ಡಾಕ್ಟರು ಮತ್ತೆ ರಕ್ತ ತೆಗೆಸಿದರು. ಆಗಲೂ ಅಷ್ಟೇ ಬಂತು. ಕಾರಣ ತಿಳಿಯದೆ ಈ ಕಿಡ್ನಿ ಮುಟ್ಟುವುದಿಲ್ಲ, ಒಂದು ತಿಂಗಳು ಬಿಟ್ಟು ನೋಡೋಣ ಎಂದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅಮ್ಮ ಕೂತಳು. “ನನ್ನ ಹೊಟ್ಟೇಲೇ ದೋಷ. ಇಬ್ಬರಿಗೂ ಅದನ್ನೇ ಕೊಟ್ಟೆ.”

ಅಂದು ಸಂಜೆಯೇ ತಂಗಿ ಫೋನಿನಲ್ಲಿ ಹುಡುಕಿ ಓದಿದಳು. ಆ ಪುಡಿ ಮೈಯೊಳಗೆ ಸವೆದು ಕೊನೆಗೆ ಅದೇ ಕಸವಾಗುತ್ತದೆ. ಕಿಡ್ನಿ ಗಟ್ಟಿಯಿದ್ದರೂ ನಂಬರು ಏರಬಹುದು. ಬಿಟ್ಟರೆ ಇಳಿಯುತ್ತದೆ.

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮರುದಿನ ಚೀಟಿ ಹಿಡಿದು ಡಾಕ್ಟರ ಬಾಗಿಲ ಮುಂದೆ ಎರಡು ಗಂಟೆ ಕೂತಳು. ಒಳಗೆ ಕರೆದಾಗ, ವರದಿಯ ಪ್ರತಿ ಬೇಕಿತ್ತು ಎಂದಳು. ಕದ್ದು ಕುಡಿದದ್ದನ್ನು ಹೇಳಿದರೆ ಯಾಕೆಂದು ಕೇಳುತ್ತಾರೆ, ಮೂರು ಚಮಚ ಯಾಕೆ ಎನ್ನುತ್ತಾರೆ, ಅಮ್ಮ ಮುಖ ನೋಡುತ್ತಾಳೆ. ಮನೆಗೆ ಬಂದು ಉಳಿದ ಪುಡಿಯನ್ನು ಬಚ್ಚಲಿಗೆ ಸುರಿದಳು. ತಾನಾಗಿ ಇಳಿಯುವುದಕ್ಕೆ ಬಾಯಿ ಯಾಕೆ ಬಿಡಬೇಕು, ಒಂದು ತಿಂಗಳು ತಾನೇ ಎಂದುಕೊಂಡಳು.

ಮೂರನೆಯ ವಾರ ಅಕ್ಕನಿಗೆ ಚಳಿಜ್ವರ ಹಿಡಿಯಿತು. ಡಯಾಲಿಸಿಸ್ಸಿಗೆಂದು ಕುತ್ತಿಗೆಗೆ ಹಾಕಿದ್ದ ನಳಿಕೆಯಿಂದ ರಕ್ತಕ್ಕೆ ನಂಜು ಏರಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಅವಳು ತಂಗಿಯ ತೋಳು ಒತ್ತಿ ನೋಡಿದಳು.

“ಗಟ್ಟಿಯಾಗಿದೆಯಲ್ಲೇ. ಆದ್ರೂ ಆ ಕಬ್ಬಿಣ ಎತ್ತೋದು ಬಿಟ್ಬಿಡು. ನಿಂಗೂ ನನ್ನ ಹಾಗೆ ಆದ್ರೆ ಅಂತ ಹೆದ್ರಿಕೆ ನಂಗೆ.”

ಆಗಲೂ ತಂಗಿ ತಲೆಯಾಡಿಸಿದಳು. ನಾಲ್ಕನೆಯ ದಿನ ಮಧ್ಯಾಹ್ನ ಅಕ್ಕ ತೀರಿಕೊಂಡಳು.

ಇರುವ ಒಬ್ಬಳನ್ನಾದರೂ ಉಳಿಸಿಕೊಳ್ಳಬೇಕೆಂದು ಅಮ್ಮ ಪಣ ತೊಟ್ಟವಳಂತೆ ಸಾರಿಗೆ ಉಪ್ಪು ಹಾಕುವುದನ್ನೇ ಬಿಟ್ಟಳು. ತಿಂಗಳು ತುಂಬಿದ್ದೇ ಡಾಕ್ಟರ ಬಳಿಗೆ ಕರೆದೊಯ್ದಳು. ನಂಬರು ಸೊನ್ನೆ ಪಾಯಿಂಟ್ ಏಳು. ಡಾಕ್ಟರು ಕಾಗದವನ್ನು ಎರಡು ಸಲ ನೋಡಿ, ಆಗ ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದಿರಾ ಎಂದು ಕೇಳಿದರು.

“ಏನೂ ಇಲ್ಲ ಡಾಕ್ಟ್ರೇ, ಅವಳು—”

“ತಗೋತಿದ್ದೆ” ಎಂದಳು ತಂಗಿ. ಕುಪ್ಪಿ, ಮೂರು ಚಮಚ, ಎಷ್ಟು ದಿನ, ಎಲ್ಲ ಹೇಳಿದಳು. ಡಾಕ್ಟರು ಬೈಯಲಿಲ್ಲ. ಗೊತ್ತಿದ್ದರೆ ಪುಡಿ ನಿಲ್ಲಿಸಿ, ಹೆಚ್ಚೆಂದರೆ ಎರಡು ವಾರದಲ್ಲಿ ಇನ್ನೊಮ್ಮೆ ನೋಡಿ ದಿನ ಗೊತ್ತುಮಾಡಬಹುದಿತ್ತು ಎಂದು ಬಾಯಿತಪ್ಪಿ ಆಡಿ, ಅಮ್ಮನ ಮುಖ ನೋಡಿ ಕಾಗದ ಮಡಚಿದರು.

ಹೊರಗೆ ಬಂದು ಗೋಡೆ ಬದಿಯ ಬೆಂಚಿನಲ್ಲಿ ಅಮ್ಮ ಕೂತಳು.

“ಅವಳಿಗೆ ಗೊತ್ತಿತ್ತಾ?”

“ಇಲ್ಲಮ್ಮ.”

“ನಿಂಗೆ ಯಾವಾಗ ಗೊತ್ತಾಯ್ತು?”

ಇವತ್ತೇ ಎನ್ನಬಹುದಿತ್ತು. “ನಂಬರು ಬಂದ ದಿನ. ಸಾಯಂಕಾಲ.”

ಅಮ್ಮ ಎದ್ದು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು. ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ಇಬ್ಬರು ಕೂರುವ ಸೀಟುಗಳು ಎಷ್ಟೋ ಖಾಲಿ ಇದ್ದವು. ಅಮ್ಮ ಮುಂದೆ ಹೋಗಿ, ಕಿಟಕಿಗೆ ಒರಗಿ ತೂಕಡಿಸುತ್ತಿದ್ದ ಯಾರೋ ಗೊತ್ತಿಲ್ಲದ ಹೆಂಗಸಿನ ಪಕ್ಕ ಕೂತಳು.