ಭಾರಕ್ಕೆ ಕೂತವರು

"ಮೆಲ್ಲಗೆ ಇಳ್ಸಾ ಬೋಳಿಮಗನೆ. ಗೊಬ್ಬರದ ಹೆಡಿಗೆ ಒಗದಾಂಗೆ ಒಗದ್ರೆ ಚರ್ಮ ಸುಲೀತೆ."

ಕೆರಿಯ ಪೆಟ್ಟಿಗೆಯನ್ನು ಇನ್ನೂ ತಲೆಯಿಂದ ಎತ್ತಿಯೇ ಇರಲಿಲ್ಲ. ತಪ್ಪು ಆಮೇಲೆ, ಬೈಗುಳ ಮೊದಲು: ದಿನಕರ ಹೆಗಡೆಯವರ ತೋಟದ ರಿವಾಜು ಅದು. ಇಪ್ಪತ್ತು ವರ್ಷದಿಂದ ಅವರ ಆಳಾಗಿದ್ದ ಕೆರಿಯನಿಗೆ ಬೈಗುಳ ಕಿವಿಯ ತನಕ ಬಂದು ಅಲ್ಲೇ ಉದುರುತ್ತಿತ್ತು. ಅವನು ಪೆಟ್ಟಿಗೆ ಇಳಿಸಿ ತಲೆಯ ಸಿಂಬೆ ಬಿಚ್ಚಿ ಬೆವರು ಒರೆಸಿಕೊಂಡ.

ಬಂಡೆಯ ಮೇಲೆ ಇದು ಹನ್ನೊಂದನೆಯ ಪೆಟ್ಟಿಗೆ. ಹೆಗ್ಗರಣೆ ದಾಟಿ ರಸ್ತೆ ಮುಗಿಯುವಲ್ಲಿ ಟೀವಿಯವರ ಗಾಡಿ ನಿಂತುಬಿಟ್ಟಿತ್ತು. ಅಲ್ಲಿಂದ ನೀರು ಧುಮುಕುವ ಅಬ್ಬಿಯ ನೆತ್ತಿಗೆ ಎರಡು ಮೈಲಿ ಕಾಲುದಾರಿ. ಗಾಡಿ ಹೋಗದ ಕಡೆಯಿಂದಲೂ ನಿಂತ ನಿಲುವಿನಲ್ಲೇ ಚಿತ್ರ ಕಳಿಸಬೇಕೆಂದರೆ ಈ ಪೆಟ್ಟಿಗೆಗಳು ಬೇಕಂತೆ. ಒಂದರಲ್ಲಿ ಕೊಡೆಯಂಥ ಬುಟ್ಟಿಯ ಎಸಳುಗಳು, ಇನ್ನೊಂದರಲ್ಲಿ ಅದರ ಕಾಲು, ಮತ್ತೊಂದರಲ್ಲಿ ಮಿಷನ್ನು. ಜನರೇಟರನ್ನು ಬಿದಿರಿಗೆ ಕಟ್ಟಿ ಇಬ್ಬರು ಹೊತ್ತರು. ಹೊರುವುದಕ್ಕೆಂದು ಹೆಗಡೆಯವರು ಕೇರಿಯ ಹದಿನಾಲ್ಕು ಗಂಡಸರನ್ನು ಬೆಳಿಗ್ಗೆಯೇ ಎಬ್ಬಿಸಿಕೊಂಡು ಬಂದಿದ್ದರು.

ಹದಿನಾಲ್ಕರಲ್ಲಿ ಒಬ್ಬನೂ ಗಂಜಿ ಕುಡಿದು ಬಂದವನಲ್ಲ. ಕೇರಿಯಲ್ಲಿ ಒಲೆ ಹೊತ್ತಿಸಿ ಏಳು ದಿನವಾಗಿತ್ತು. ಸಾವಾದರೆ ಹೆಣ ಮಣ್ಣಿಗೆ ಹೋಗುವ ತನಕ ಯಾವ ಮನೆಯಲ್ಲೂ ಒಲೆ ಹೊತ್ತಿಸುವಂತಿಲ್ಲ. ಅದು ಅಜ್ಜನ ಕಾಲದ ಕಟ್ಟಳೆ. ಕಟ್ಟಳೆ ಮಾಡಿದ ಅಜ್ಜ, ಹೆಣವೇ ಸಿಗದಿದ್ದರೆ ಏನು ಕತೆ ಎಂದು ಯೋಚಿಸಿರಲಿಲ್ಲ, ಪುಣ್ಯಾತ್ಮ. ಅವಲಕ್ಕಿ, ಬೆಲ್ಲ, ಬಾಳೆಹಣ್ಣಿನಲ್ಲಿ ದಿನ ಹೋಗುತ್ತಿತ್ತು. ಅನ್ನ ಅನ್ನ ಎಂದು ಅತ್ತ ಮಕ್ಕಳು ಈಗ ಅಳುವುದನ್ನೂ ಬಿಟ್ಟಿದ್ದವು.

ಸತ್ತವನು ಕೆರಿಯನ ತಮ್ಮ ಚೌಡ. ಕಳೆದ ಸೋಮವಾರ ಹೆಗಡೆಯವರ ಮನೆಗೆ ನೀರು ಬರುವ ಪೈಪಿನ ಬಾಯಿಗೆ ಒಣಗಿದ ಎಲೆಯ ದರಕು ಕಟ್ಟಿತ್ತು. ಪೈಪಿನ ಬಾಯಿ ಇದೇ ಬಂಡೆಯ ಆಚೆ, ನೀರು ಕೆಳಗೆ ಧುಮುಕುವ ಅಂಚಿಗೆ ಎರಡು ಮಾರು ದೂರ. "ಸೊಂಟಕ್ಕೊಂದು ಹಗ್ಗ ಕೊಡಿ ಒಡೇರೆ" ಅಂದಿದ್ದ ಚೌಡ. "ಹಗ್ಗ ಎಂತಕ್ಕಾ, ನೀ ಎಂತ ದನದ ಕರನಾ" ಅಂದಿದ್ದರು ಹೆಗಡೆಯವರು. ಕೆರಿಯ ಈಚೆ ದಡದಲ್ಲಿ ಪೈಪು ಹಿಡಿದು ನಿಂತಿದ್ದ. ನೋಡುವಾಗ ಚೌಡ ಇದ್ದ, ಮತ್ತೆ ನೋಡಿದರೆ ಇಲ್ಲ. ಕೂಗಿದನೋ ಇಲ್ಲವೋ, ಅಬ್ಬಿಯ ಸದ್ದಿನಲ್ಲಿ ಯಾರ ಕೂಗು ಯಾರಿಗೆ ಕೇಳಬೇಕು?

ಪೋಲೀಸು ಚಂದ್ರಶೇಖರಪ್ಪ ಬಂದು, ಹೆಗಡೆಯವರ ಜಗಲಿಯಲ್ಲಿ ಚಹಾ ಕುಡಿದು, ಬರೆದುಕೊಂಡು ಹೋದರು. ಬರೆದದ್ದು ಇಷ್ಟು: ಚೌಡ ಕುಡುಕ, ಮನೆಯಲ್ಲಿ ಜಗಳಾಡಿ ಘಟ್ಟದ ಕೆಳಗೆ ಕೆಲಸಕ್ಕೆ ಹೋಗಿದ್ದಾನೆ. ಘಟ್ಟ ಇಳಿದು ಹೋದವನನ್ನು ಅಬ್ಬಿಯ ಗುಂಡಿಯಲ್ಲಿ ಹುಡುಕುವ ಮೂರ್ಖರು ಯಾರಿದ್ದಾರೆ? ಚೌಡನ ಹೆಂಡತಿ ದುರ್ಗಿ ಹೊಸ್ತಿಲಲ್ಲಿ ಕೂತವಳು ಏಳಲೇ ಇಲ್ಲ. ಬಳೆ ಇಟ್ಟುಕೊ ಎನ್ನಲಿಕ್ಕೂ ಒಡೆ ಎನ್ನಲಿಕ್ಕೂ ಕೇರಿಯಲ್ಲಿ ಯಾರಿಗೂ ಬಾಯಿ ಬರಲಿಲ್ಲ.

ನಿನ್ನೆ ಭಾನುವಾರ ಹುಬ್ಬಳ್ಳಿಯ ದೊಡ್ಡ ಮನೆತನದ ಕಿಶೋರ ಎಂಬವನು ಫೋಟೋಕ್ಕೆಂದು ಹಿಂದೆ ಹಿಂದೆ ಸರಿದು ಅದೇ ಅಂಚಿನಿಂದ ಬಿದ್ದ. ಇಂದು ಬೆಳಗಾಗುವಷ್ಟರಲ್ಲಿ ತಾಲೂಕಿನ ಸಾಹೇಬರು ಬಂದರು, ಪೋಲೀಸರು ಬಂದರು, ಕುಮಟಾ ಕಡೆಯಿಂದ ಮುಳುಗು ಹಾಕುವವರು ಬಂದರು, ಟೀವಿ ಬಂತು. ಅದೇ ಗುಂಡಿ, ಅದೇ ನೀರು. ಕೆರಿಯ ಅದನ್ನು ಹೆಚ್ಚು ಯೋಚಿಸಲಿಲ್ಲ. ಇವರು ಗುಂಡಿಗೆ ಇಳಿಯುತ್ತಾರೆ. ಇಳಿದರೆ ಚೌಡನೂ ಸಿಗುತ್ತಾನೆ. ಅಷ್ಟಕ್ಕೇ ಅವನು ಉಳಿದವರಿಗಿಂತ ಒಂದು ಸಲ ಹೆಚ್ಚು ಹೊತ್ತಿದ್ದ.

ಟೀವಿಯ ಹೆಣ್ಣುಮಗಳು ಗೀತಾ ಮೈಕು ಒರೆಸುತ್ತಾ ನಿಂತಿದ್ದಾಗ ಕೆರಿಯ ನಾಲ್ಕು ಮಾರು ದೂರ ನಿಂತು ಕೆಮ್ಮಿದ.

"ಅಮ್ಮಾ, ನನ್ನ ತಮ್ಮನೂ ಇದ್ರಾಗೇ ಬಿದ್ದಾನೆ. ಏಳು ದಿನ ಆತು. ಒಂದು ಮಾತು ಟೀವಿಯಾಗೆ ಹೇಳ್ಬೇಕಿತ್ತು."

ಅವಳು ನಿಜಕ್ಕೂ ಕೇಳಿಸಿಕೊಂಡಳು. "ಅಯ್ಯೋ, ಹೌದಾ? ಫೋಟೋ ಇದೆಯಾ ಅವರದ್ದು?"

ಚೌಡನದೊಂದು ಪಟ ರೇಶನ್ ಕಾರ್ಡಿನಲ್ಲಿತ್ತು. ಮನೆಯವರೆಲ್ಲ ಸಾಲಾಗಿ ನಿಂತದ್ದು. ಕಚೇರಿಯವರು ಹೊಡೆದ ಸೀಲು ಸರಿಯಾಗಿ ಚೌಡನ ಮುಖದ ಮೇಲೆ ಬಿದ್ದಿತ್ತು.

"ಇಲ್ಲ" ಅಂದ ಕೆರಿಯ.

"ಫೋಟೋ ಇಲ್ದೆ ಹೇಗೆ ತೋರಿಸೋದು? ನೋಡೋಣ, ಆಮೇಲೆ ಮಾಡೋಣ" ಎಂದು ಅವಳು ಕನ್ನಡಿ ತೆಗೆದಳು.

ಕೊಡೆ ಜೋಡಿಸುವವನು ಸುಭಾಷ್, ಹಾವೇರಿ ಕಡೆಯವನು. ಕೆಟ್ಟವನೇನಲ್ಲ, ಕೆಲಸದ ಹೊತ್ತಿಗೆ ದೆವ್ವ ಹಿಡಿದವರ ಹಾಗೆ ಆಡುತ್ತಿದ್ದ, ಅಷ್ಟೇ. ಎಸಳಿಗೆ ಎಸಳು ಕೂಡಿಸಿ, ಕೊಡೆಯನ್ನು ಆಕಾಶಕ್ಕೆ ಮಾಡಿ, ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸಿದ. ಚಿತ್ರ ಹಿಡಿಯಿತು. ಕಣಿವೆಯಿಂದ ಗಾಳಿ ಎದ್ದಿತು, ಚಿತ್ರ ಹೋಯಿತು. ಮರಳಿನ ಚೀಲಗಳನ್ನು ಗಾಡಿಯಲ್ಲೇ ಬಿಟ್ಟು ಬಂದಿದ್ದರು. ಹೊಳೆಕಲ್ಲು ಹೇರಿ ನೋಡಿದರು. ನುಣ್ಣಗಿನ ಕಲ್ಲು, ಕೊಡೆ ನಡುಗಿದೊಡನೆ ಅದರ ಕಾಲಿನ ಹಲಗೆಯಿಂದ ಜಾರಿ ಬೀಳುತ್ತಿತ್ತು.

"ಕಲ್ಲೆಂತಕ್ಕೆ, ಮನುಷ್ಯರು ಇದ್ವಲ್ಲ" ಎಂದರು ಹೆಗಡೆಯವರು. "ಕೆರಿಯಾ, ಬಾರಾ ಇಲ್ಲಿ."

ಕೊಡೆಯ ನಾಲ್ಕು ಕಾಲಿಗೆ ನಾಲ್ಕು ಹಲಗೆ, ನಾಲ್ಕು ಹಲಗೆಗೆ ಕೇರಿಯ ನಾಲ್ಕು ಜನ. ಕೆರಿಯನಿಗೆ ಗಾಳಿಗೆ ಎದುರಾದ ಮೂಲೆ ಸಿಕ್ಕಿತು.

"ಕುಂಡ್ರು. ಹಾಂ, ಹಂಗ" ಎಂದ ಸುಭಾಷ್. "ಮ್ಯಾಲೆ ಆಕಾಶದಾಗ ಒಂದು ಉಪಗ್ರಹ ಐತಿ. ಇದು ಅದಕ್ಕ ಮಾರಿ ಮಾಡಿರಬೇಕು. ಬೆರಳಷ್ಟು ಸರಿದ್ರ ಇಡೀ ರಾಜ್ಯಕ್ಕ ಕತ್ತಲಿ. ಉಚ್ಚಿ ಬಂದ್ರೂ ಏಳಬ್ಯಾಡ್ರಪಾ, ನಿಮ್ಮ ಕಾಲಿಗೆ ಬೀಳ್ತೀನಿ."

ಕೂತರು. ಒಂದು ತಾಸು ಹೋಯಿತು, ಎರಡು ಹೋಯಿತು. ಬಂಡೆ ಕಾದು ಹಂಚಾಯಿತು. ಹೆಗಡೆಯವರ ಮನೆಯಿಂದ ಟೀವಿಯವರಿಗೆ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ಬಂತು, ಸಾಹೇಬರಿಗೆ ಎಳನೀರು ಬಂತು. ಕೂತವರಿಗೂ ಕೊಡಿ ಎಂದವನು ಸುಭಾಷ್. ಆಳು ತಂಬಿಗೆಯಲ್ಲಿ ನೀರು ತಂದು, ಮುಟ್ಟದ ಹಾಗೆ ಎತ್ತರ ಹಿಡಿದು, "ಬೊಗಸೆ ಮಾಡು" ಎಂದ. ಕೆರಿಯ ಬೊಗಸೆ ಒಡ್ಡಿ ಸ್ವಲ್ಪ ಮುಂದಕ್ಕೆ ಬಾಗಿದ, ಅಷ್ಟೇ.

"ಏ ಏ ಏ, ಚಿತ್ರ ಹೊಂಟ್ತು!" ಎಂದು ಸುಭಾಷ್ ಅರಚಿದ.

"ಸೂಳೇಮಗನೆ, ನೆಟ್ಟಗೆ ಕೂರು" ಎಂದರು ಹೆಗಡೆಯವರು. "ಕೂತವಂಗೆ ಬಾಯಾರಿಕೆ ಬೇರೆ ಕೇಡು. ಎಂತ ಕೆಲ್ಸ ಮಾಡಿದ್ಯಾ ನೀನು, ಕೂತದ್ದು ಬಿಟ್ರೆ?"

ನೀರು ಬಂಡೆಯ ಮೇಲೆ ಚೆಲ್ಲಿ ಆರಿತು. ಕೆರಿಯ ನೆಟ್ಟಗೆ ಕೂತ. ಕಾಲು ಜೋಮು ಹಿಡಿಯುತ್ತಾ ಬಂತು. ಮೊದಲು ಹಿಮ್ಮಡಿ, ಆಮೇಲೆ ಮೊಣಕಾಲು. ಏಳು ದಿನದಿಂದ ಎದೆಯೊಳಗೂ ಹಾಗೆಯೇ ಇದ್ದುದರಿಂದ ಅವನಿಗೆ ವಿಶೇಷವೇನೂ ಅನ್ನಿಸಲಿಲ್ಲ.

ಅವನೆದುರಿಗೆ, ಬಿಸಿಲು ಬೀಳದ ಹಾಗೆ ಕಂಬಳಿ ಹೊದಿಸಿ, ಸುಭಾಷ್ ಒಂದು ಪುಟ್ಟ ಟೀವಿ ಇಟ್ಟುಕೊಂಡಿದ್ದ. ಏನು ಹೋಗುತ್ತಿದೆಯೋ ಅದು ಅದರಲ್ಲಿ ಕಾಣುತ್ತಿತ್ತು. ಬಂಡೆಯ ತುದಿಯ ಕ್ಯಾಮೆರಾ ಪಾತಾಳದ ಗುಂಡಿಯನ್ನು ಎಳೆದು ಹತ್ತಿರ ತಂದು ತೋರಿಸುತ್ತಿತ್ತು. ಮುಳುಗು ಹಾಕುವವರ ತಲೆಗಳು, ಹಗ್ಗ, ಬಿಳಿ ನೊರೆ. ಏಳು ದಿನ ಅಂಚಿಗೆ ಬಂದು ಇಣುಕಿ ಇಣುಕಿ ಕಣ್ಣು ಸೋತ ಕೆರಿಯನಿಗೆ ಗುಂಡಿ ಮೊದಲ ಸಲ ಸ್ಪಷ್ಟವಾಗಿ ಕಂಡಿತು. ಅವನು ರೆಪ್ಪೆ ಹಾಕದೆ ನೋಡಿದ.

ಹೆಗಡೆಯವರು ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು, "ಪರಿಮಳಂಗೆ ಟೀವಿ ಹಾಕ್ಯಂಡು ಕೂರು ಹೇಳಿದ್ದಿ" ಎಂದು ಪಕ್ಕದವರಿಗೆ ಹೇಳಿ ಗೀತಾಳ ಮೈಕಿನ ಮುಂದೆ ನಿಂತರು. ಪರಿಮಳಾ ಅವರ ಹೆಂಡತಿ. ಊರಿನ ಹಿರಿಯರಾಗಿ ಅವರು ಮಾತಾಡಬೇಕಿತ್ತು.

ಆಗಲೇ ಕೆಳಗೆ ಕೂಗೆದ್ದಿತು. ಬಂಡೆಯ ಮೇಲಿನವರೆಲ್ಲ ಅಂಚಿಗೆ ಓಡಿದರು. ಮುಳುಗು ಹಾಕುವವರು ಕಲ್ಲಿನ ಸಂದಿಯಿಂದ ಒಂದು ಹೆಣವನ್ನು ಎಳೆಯುತ್ತಿದ್ದರು. ಉಬ್ಬಿ, ಬಿಳಿಚಿ, ಮುಖವೆಂಬುದು ಉಳಿದಿರಲಿಲ್ಲ. ಸೊಂಟದಲ್ಲಿ ಮಾತ್ರ ಕತ್ತಿ ಸಿಕ್ಕಿಸುವ ಮರದ ಕೊಕ್ಕೆ ಹಾಗೆಯೇ ಇತ್ತು. ಹಲಸಿನ ಬೇರಿನಲ್ಲಿ ಆ ಕೊಕ್ಕೆ ಕೆತ್ತಿದವನು ಕೆರಿಯ. ಎಡಮಗ್ಗುಲಿಗೆ ಸ್ವಲ್ಪ ಸೊಟ್ಟಗಾಗಿದೆ ಎಂದು ಚೌಡ ನಗಾಡಿದ್ದ. ಪುಟ್ಟ ಟೀವಿಯಲ್ಲಿ ಆ ಸೊಟ್ಟವೂ ಕಂಡಿತು.

"ನಮ್ಮ ಚೌಡ" ಎಂದ ಕೆರಿಯ. ಮೆಲ್ಲಗೆ ಅಂದದ್ದು, ಉಳಿದ ಮೂರು ಹಲಗೆಯವರಿಗೆ ಕೇಳಿತು.

ಸಾಹೇಬರ ಕೈಯ ವೈರ್‌ಲೆಸ್ಸಿನಲ್ಲಿ ಕೆಳಗಿನವರ ದನಿ ಬಂತು. "ಸಾರ್, ಇದು ಆ ಹುಡ್ಗ ಅಲ್ಲ. ಹಳೇ ಹೆಣ. ಮೇಲೆ ಕಳಿಸೂದಾ?"

"ಇರೋದು ಒಂದೇ ಹಗ್ಗ" ಎಂದರು ಸಾಹೇಬರು. "ಹುಡುಗನ ತಂದೆತಾಯಿ ಟೀವಿ ನೋಡ್ತಾ ಇದಾರೆ. ಅದನ್ನ ಅಲ್ಲೇ ಕಲ್ಲಿಗೆ ಕಟ್ಟಿಹಾಕಿ. ಮೊದಲು ಹುಡುಗ ಬರಲಿ, ಇದು ಆಮೇಲೆ ನೋಡೋಣ."

ಗೀತಾ ಮೈಕನ್ನು ಹೆಗಡೆಯವರ ಮುಖಕ್ಕೆ ಹಿಡಿದಳು. "ಸರ್, ಈಗ ಇನ್ನೊಂದು ದೇಹ ಸಿಕ್ಕಿದೆ. ಇದು ನಿಮ್ಮ ಊರಿನವರದ್ದಾ?"

ಹೆಗಡೆಯವರ ಕಣ್ಣು ಒಮ್ಮೆ ಕೊಡೆಯ ಕಡೆ ಬಂತು, ಹೋಯಿತು. "ಛೆ ಛೆ, ನಮ್ಮ ಊರಿನದ್ದಲ್ಲ. ನಮ್ಮಲ್ಲಿ ಯಾರೂ ಬಿದ್ದಿಲ್ಲ. ಮಳೆಗಾಲದಲ್ಲಿ ಮೇಲಿಂದ ಎಲ್ಲಿಯದ್ದೋ ತೇಲಿಬಂದ..."

ಕೆರಿಯನಿಗೆ ಸಿಟ್ಟು ಬರಲಿಲ್ಲ. ಅಳುವೂ ಬರಲಿಲ್ಲ. ಎರಡೂ ಅಂಗೈಯನ್ನು ಬಿಸಿಬಂಡೆಗೆ ಊರಿ ಎದ್ದು ನಿಂತ. ಕಾಲು ತನ್ನದೋ ಬೇರೆಯವರದೋ ತಿಳಿಯಲಿಲ್ಲ, ಆದರೂ ನಿಂತಿತು.

ಗಾಳಿ ಬಂತು. ಕೊಡೆ ಒಂದು ಬೆರಳು ಸರಿಯಿತು. ಪುಟ್ಟ ಟೀವಿಯಲ್ಲಿ ಹೆಗಡೆಯವರ ಬಾಯಿ ತೆರೆದದ್ದು ತೆರೆದ ಹಾಗೇ ನಿಂತು, ಚೌಕ ಚೌಕ ಒಡೆದು, ಕಪ್ಪಾಯಿತು.

"ಏ ಕುಂಡ್ರೋ ಮಾರಾಯಾ, ಕುಂಡ್ರು" ಎಂದು ಸುಭಾಷ್ ಓಡಿಬಂದ. ಗೀತಾ ಕಿವಿಗೆ ಸಿಕ್ಕಿಸಿದ್ದ ಇಯರ್‌ಫೋನು ಒತ್ತಿಹಿಡಿದು, "ಸ್ಟುಡಿಯೋದಲ್ಲಿ ಕೂಗಾಡ್ತಿದಾರೆ, ಏನಾಯ್ತು?" ಎಂದಳು.

"ಎಂತಾ ಸೊಕ್ಕಾ ನಿಂಗೆ?" ಎಂದರು ಹೆಗಡೆಯವರು. "ಕೂತ್ಕಳಾ ಹೊಲಸು ಮುಂಡೇದೆ. ಇಲ್ದಿದ್ರೆ ನಾಳೆಯಿಂದ ಕೇರಿಲಿ ಹೆಂಗೆ ಇರ್ತ್ಯ ನೋಡ್ತೆ."

"ಕೆಳಗಿರದು ನನ್ನ ತಮ್ಮ ಒಡೇರೆ. ನೀವೇ ಕಳಿಸಿದ್ರಿ" ಎಂದ ಕೆರಿಯ. "ಮೊದ್ಲು ಅವ ಮ್ಯಾಲೆ ಬರ್ಲಿ. ಆಮ್ಯಾಲೆ ಕೂತ್ಕತ್ತೆ."

ಸಾಹೇಬರು ಇನ್ನೊಬ್ಬನನ್ನು ಕೂರಿಸಲು ಹೇಳಿದರು. ಅತ್ತ ನೋಡಿದರೆ ಉಳಿದ ಮೂವರೂ ಎದ್ದು ಪಂಚೆ ಝಾಡಿಸಿಕೊಳ್ಳುತ್ತಿದ್ದರು. ಪೋಲೀಸು ಚಂದ್ರಶೇಖರಪ್ಪ ಲಾಠಿ ಬದಿಗಿಟ್ಟು ಒಂದು ಹಲಗೆಯ ಮೇಲೆ ಕೂತರು. ಒಂದೇ ಕಡೆ ಭಾರವಾಗಿ ಕೊಡೆ ಅವರ ಮೇಲೇ ವಾಲಿತು; ಎದ್ದುಬಿಟ್ಟರು.

ಸುಭಾಷನಿಗೆ ಈ ಊರಿನ ರೀತಿ ರಿವಾಜು ಏನು ಗೊತ್ತು, ಪಾಪ. "ಹೆಗಡೇರ, ನಿಮ್ಮ ಮೈ ಛಲೋ ಭಾರ ಐತಿ. ಗಾಳಿ ಮೂಲಿ ಇದು, ಹತ್ತು ನಿಮಿಷ ನೀವು ಕುಂಡ್ರಿ. ಸಾಹೇಬ್ರು ಆ ಕಡೆ, ಪೋಲೀಸಪ್ಪ ಈ ಕಡೆ. ನಾಕನೇದು ನಮ್ಮ ಕ್ಯಾಮೆರಾದವ ಕುಂತಾನು."

ಹೆಗಡೆಯವರು ಹಲಗೆ ನೋಡಿದರು. ಕೆರಿಯನ ಬೆವರು ಅದರ ಮೇಲೆ ಕುಂಡೆಯ ಆಕಾರದಲ್ಲಿ ಒದ್ದೆಯಾಗಿ ಉಳಿದಿತ್ತು.

"ಅವ ಕೂತಲ್ಲಿ ಆನು ಕೂರವಾ?" ಗಾಬರಿಗೆ ಅವರ ಬಾಯಲ್ಲಿ ಮನೆಮಾತೇ ಬಂತು.

ಸಾಹೇಬರೂ ಗಡಿಯಾರ ನೋಡಿಕೊಂಡರೇ ಹೊರತು ಕೂರಲಿಲ್ಲ. "ಗಾಡಿಯಿಂದ ಮರಳಿನ ಚೀಲ ತರಿಸಿ" ಎಂದರು.

"ಯಾರ ಕಡೆಯಿಂದ ತರಸೂದ್ರಿ?" ಎಂದ ಸುಭಾಷ್.

ಮರದ ನೆರಳಿನಲ್ಲಿದ್ದ ಕೇರಿಯ ಉಳಿದ ಹತ್ತು ಜನ ಎದ್ದು ಬಂದು ಕೆರಿಯನ ಹಿಂದೆ ನಿಂತಿದ್ದರು. ಅವರ ಕೈಯಲ್ಲಿ ತಲೆಯ ಸಿಂಬೆಗಳಿದ್ದವು.

ವೈರ್‌ಲೆಸ್ ಗರಗರ ಅಂದಿತು. "ಸಾರ್, ಇದನ್ನ ಕಲ್ಲಿಗೆ ಕಟ್ಟಾಯ್ತು. ಆ ಹುಡ್ಗ ಕಾಣೂದಿಲ್ಲ. ಹಗ್ಗ ಖಾಲಿ ಅದೆ. ಎಂತ ಮಾಡೂದು ಸಾರ್?"

ಸಾಹೇಬರು ವೈರ್‌ಲೆಸ್ಸಿನ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡು ಕೆರಿಯನನ್ನು ನೋಡಿದರು, ಹೆಗಡೆಯವರನ್ನು ನೋಡಿದರು. ಒತ್ತಲಿಲ್ಲ. ಕೆಳಗಿನವರು ಮತ್ತೆ ಕೇಳಿದರು.

ಕೆರಿಯನ ಕಾಲಿನ ಜೋಮು ಇಳಿಯತೊಡಗಿತು. ಇಳಿಯುವಾಗ ಚುಚ್ಚುತ್ತದೆ, ಕೆಂಪಿರುವೆ ಮುತ್ತಿದ ಹಾಗೆ. ಕೂತರೆ ಕಡಿಮೆಯಾಗುತ್ತದೆಂದು ಅವನಿಗೆ ಗೊತ್ತಿತ್ತು. ನಾಲ್ಕು ಹಲಗೆಗಳೂ ಅವನ ಮುಂದೆ ಖಾಲಿ ಬಿದ್ದಿದ್ದವು. ಅವನು ಕೂರಲಿಲ್ಲ.